ಯಂತ್ರ ಬರೆದ ಲೆಕ್ಕ, ಶ್ರಾವಕನ ಸಹಿ

ಶ್ರಾವಕರ ಅಣುವ್ರತಗಳನ್ನು ನಿರೂಪಿಸಿದ ಆಚಾರ್ಯರು ವ್ರತವನ್ನು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಒಂದೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿಟ್ಟರು. ವ್ರತವು ಮುರಿದುದನ್ನು ಯಾರೂ ಕಾಣಬಲ್ಲರು; ಮುರಿಯದೆಯೇ ಸವೆಯುತ್ತಿರುವುದನ್ನು ಕಾಣಲು ವಿವೇಕ ಬೇಕು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಹಾಗೂ ಹೀನಾಧಿಕಮಾನೋನ್ಮಾನಗಳನ್ನೂ ಹೇಳುತ್ತದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ರಾಜ್ಯದ ಕಟ್ಟಳೆಯನ್ನು ಮೀರುವ ದೋಷವನ್ನು ವಿಲೋಪವೆಂಬ ಹೆಸರಿನಿಂದ ಎಣಿಸುತ್ತದೆ. ಇವು ಮುನಿಗಳ ವನವಾಸಕ್ಕೆ ಸಂಬಂಧಿಸಿದ ಮಾತುಗಳಲ್ಲ. ಅಂಗಡಿಯ ಗದ್ದಿಗೆಯ ಮೇಲೆ ಕುಳಿತು ಕಿರ್ದಿ ಬರೆಯುವ, ತಕ್ಕಡಿ ಹಿಡಿಯುವ ಗೃಹಸ್ಥನಿಗಾಗಿಯೇ ಆಡಿದ ಮಾತುಗಳು.

ಇಂದು ತಕ್ಕಡಿ ಗೃಹಸ್ಥನ ಕೈಯಲ್ಲಿ ಉಳಿದಿಲ್ಲ. ತಿಂಗಳ ಗೊತ್ತಾದ ದಿನ ಬ್ಯಾಂಕಿನಿಂದ ಹಣ ತಾನಾಗಿ ಹೋಗುತ್ತದೆ; ಗಣಕಯಂತ್ರದ ತಂತ್ರಾಂಶವು ಅದನ್ನು ಮ್ಯೂಚುವಲ್ ಫಂಡುಗಳಿಗೂ ಷೇರುಗಳಿಗೂ ಹಂಚುತ್ತದೆ; ಪ್ರಮಾಣ ತಪ್ಪಿದರೆ ಒಂದನ್ನು ಮಾರಿ ಇನ್ನೊಂದನ್ನು ಕೊಂಡು ಸಮ ಮಾಡುತ್ತದೆ; ವರ್ಷದ ಕೊನೆಗೆ ಬಂಡವಾಳ ಲಾಭದ ಪಟ್ಟಿಯನ್ನೂ ತಾನೇ ಬರೆದು ಕಳುಹಿಸುತ್ತದೆ. ಆ ಪಟ್ಟಿಯ ಆಧಾರದಿಂದ ಆದಾಯ ತೆರಿಗೆಯ ರಿಟರ್ನ್ ಸಲ್ಲುತ್ತದೆ. ಅದರ ಕೊನೆಯಲ್ಲಿ ಮಾತ್ರ, ತನ್ನ ತಿಳಿವಳಿಕೆಯ ಮಟ್ಟಿಗೆ ಎಲ್ಲವೂ ಸರಿ ಮತ್ತು ಪೂರ್ಣ ಎಂಬ ದೃಢೀಕರಣ ಗೃಹಸ್ಥನ ಹೆಸರಿನಲ್ಲಿರುತ್ತದೆ. ಬರೆದದ್ದು ಯಂತ್ರ, ಸಹಿ ಶ್ರಾವಕನದು. ಇವೆರಡರ ನಡುವಣ ಅಂತರವೇ ಇಲ್ಲಿ ವಿಚಾರಣೀಯವಾದ ವಿಷಯ.

ಮಿಜಾರಿನಂಥ ಊರಿಗೆ ಇದು ದೂರದ ಮಾತೆಂದು ಭಾವಿಸುವಂತಿಲ್ಲ. ತೆಂಕಮಿಜಾರು, ಬಡಗಮಿಜಾರುಗಳ ಅಡಿಕೆ ತೋಟದ ಮನೆಗಳಲ್ಲಿಯೂ, ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳಗಳ ಅಂಗಡಿ ಬೀದಿಗಳಲ್ಲಿಯೂ ಉಳಿತಾಯವು ಕಬ್ಬಿಣದ ಪೆಟ್ಟಿಗೆಯನ್ನು ಬಿಟ್ಟು ದೂರವಾಣಿಯ ಪರದೆಗೆ ಬಂದಿದೆ. ಅಲ್ಪ ಮೊತ್ತವನ್ನು ಕ್ರಮವಾಗಿ ಕೂಡಿಸುವ ಬುದ್ಧಿ ಈ ಜಿಲ್ಲೆಗಳಿಗೆ ಹೊಸದಲ್ಲ. 1928ರಲ್ಲಿ ಉಡುಪಿಯ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಆ ಸಂಸ್ಥೆ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಇಂದಿನ ಎಸ್‌ಐಪಿ ಆ ಪಿಗ್ಮಿಯ ಮೊಮ್ಮಗನೆಂದರೆ ತಪ್ಪಾಗದು. ಆದರೆ ಒಂದು ವ್ಯತ್ಯಾಸವುಂಟು. ಪಿಗ್ಮಿಯ ಸಂಗ್ರಾಹಕನು ಹಣ ಪಡೆದು ಕಣ್ಣೆದುರಿಗೇ ಪುಸ್ತಕದಲ್ಲಿ ಬರೆಯುತ್ತಿದ್ದ, ಕೊಟ್ಟವನು ಓದುತ್ತಿದ್ದ. ಈಗ ಕೊಡುವುದೂ ಬರೆಯುವುದೂ ಕಾಣದ ಕಡೆ ನಡೆಯುತ್ತವೆ, ಓದುವವನೇ ಇಲ್ಲ.

ಓದದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಒಬ್ಬ ಗೃಹಸ್ಥನು 2023ರ ಏಪ್ರಿಲ್ 5ರಿಂದ ಪ್ರತಿ ತಿಂಗಳೂ ಹತ್ತು ಸಾವಿರ ರೂಪಾಯಿಯನ್ನು ಷೇರು ಆಧಾರಿತ ಫಂಡಿನಲ್ಲಿ ತೊಡಗಿಸುತ್ತ ಬಂದನೆನ್ನೋಣ. 2024ರ ಅಕ್ಟೋಬರ್ 10ರಂದು ಎಲ್ಲವನ್ನೂ ಮಾರಿದನು. ಬ್ಯಾಂಕಿನ ಪುಸ್ತಕದಲ್ಲಿ ಬಂದ ಹಣಕ್ಕೆ ಒಂದೇ ಸಾಲು. ಕಾಯ್ದೆಯ ದೃಷ್ಟಿಯಲ್ಲಿ ಅಲ್ಲಿರುವುದು ಹತ್ತೊಂಬತ್ತು ಕ್ರಯಗಳು. ಏಪ್ರಿಲಿನಿಂದ 2023ರ ಅಕ್ಟೋಬರಿನವರೆಗಿನ ಏಳು ಕಂತುಗಳು ಹನ್ನೆರಡು ತಿಂಗಳು ದಾಟಿದವು, ಆದ್ದರಿಂದ ದೀರ್ಘಾವಧಿ. ಉಳಿದ ಹನ್ನೆರಡು ಅಲ್ಪಾವಧಿ. 2024ರ ಜುಲೈ 23ರಿಂದ ಜಾರಿಗೆ ಬಂದ ದರದಂತೆ ಮೊದಲನೆಯ ಬಗೆಯ ಲಾಭಕ್ಕೆ ವರ್ಷದಲ್ಲಿ 1.25 ಲಕ್ಷ ರೂಪಾಯಿಯ ಮೇಲೆ ಶೇ. 12.5, ಎರಡನೆಯದಕ್ಕೆ ಶೇ. 20. ಒಂದು ಭಾಗವನ್ನು ಮಾತ್ರ ಮಾರಿದ್ದರೆ ಮೊದಲು ಕೊಂಡದ್ದು ಮೊದಲು ಮಾರಾಟವಾಯಿತೆಂದು ಎಣಿಸಬೇಕು. ಇಷ್ಟು ಒಂದು ಫಂಡಿನ ಕಥೆ. ಐದಾರು ಫಂಡುಗಳನ್ನು ಇರಿಸಿಕೊಂಡು ತಿಂಗಳಿಗೊಮ್ಮೆ ಸಮತೋಲನ ಮಾಡುವ ಸ್ವಯಂಚಾಲಿತ ಖಾತೆಯಲ್ಲಿ ವರ್ಷಕ್ಕೆ ನೂರಾರು ಸಾಲುಗಳಾಗುತ್ತವೆ.

ಈ ಸಾಲುಗಳ ಮುಂದೆ ನಿಂತ ಗೃಹಸ್ಥನಲ್ಲಿ ಸಾಮಾನ್ಯವಾಗಿ ಕಾಣುವ ಭ್ರಮೆಗಳು ನಾಲ್ಕು. ಒಂದು, ಕೈಗೆ ಹಣ ಬಾರದಿದ್ದರೆ ಲಾಭವಿಲ್ಲವೆಂಬುದು. ಒಂದು ಫಂಡಿನಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಒಂದು ರೂಪಾಯಿಯೂ ಬ್ಯಾಂಕಿಗೆ ಬರುವುದಿಲ್ಲ, ನಿಜ. ಆದರೂ ಅದು ಮಾರಾಟವೇ, ಲಾಭವನ್ನು ತೋರಿಸಲೇಬೇಕು. ಎರಡು, ಅಡಿಕೆಯ ಹಣಕ್ಕೆ ತೆರಿಗೆಯಿಲ್ಲವೆಂಬುದು. ಅಡಿಕೆ ಬೆಳೆದು ಬಂದ ಆದಾಯವು ಕೃಷಿಯದು. ಆ ಹಣವನ್ನು ಫಂಡಿನಲ್ಲಿಟ್ಟು ಬಂದ ಲಾಭವು ಕೃಷಿಯದಲ್ಲ. ಮೂರು, ವರ್ಷ ದಾಟಿದ ಷೇರಿನ ಲಾಭಕ್ಕೆ ತೆರಿಗೆಯಿಲ್ಲವೆಂಬ ಹಿರಿಯರ ನಂಬಿಕೆ. ಅದು 2004ರ ಅಕ್ಟೋಬರಿನಿಂದ 2018ರ ಮಾರ್ಚಿನವರೆಗೆ ಸತ್ಯವಾಗಿತ್ತು. 2018ರ ಏಪ್ರಿಲ್ 1ರಿಂದ ಸತ್ಯವಲ್ಲ. ಸಾಲಪತ್ರ ಆಧಾರಿತ ಫಂಡುಗಳಲ್ಲಂತೂ 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡವುಗಳ ಲಾಭವು, ಎಷ್ಟು ವರ್ಷ ಇರಿಸಿಕೊಂಡಿದ್ದರೂ, ಅಲ್ಪಾವಧಿಯದೆಂದೇ ಗಣನೆಯಾಗಿ ಸಾಮಾನ್ಯ ದರಕ್ಕೆ ಒಳಪಡುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಅಪಾಯಕಾರಿಯಾದುದು: ಕಂಪೆನಿಯವರು ಸರಕಾರಕ್ಕೆ ತಿಳಿಸಿದ್ದಾರೆ, ಆದುದರಿಂದ ತನ್ನ ಕರ್ತವ್ಯ ಮುಗಿಯಿತೆಂಬ ಸಮಾಧಾನ.

ಇನ್ನು ಬರಹಗಳ ಪರೀಕ್ಷೆಗೆ ಬರಬಹುದು. ಇಂದಿನ ಗೃಹಸ್ಥನ ಮುಂದೆ ಮೂರು ಪಾಠಗಳಿವೆ: ಖಾತೆ ನಡೆಸುವ ಸಂಸ್ಥೆಯ ಬಂಡವಾಳ ಲಾಭದ ಪಟ್ಟಿ, ಆದಾಯ ತೆರಿಗೆ ಇಲಾಖೆ 2021ರ ನವೆಂಬರಿನಲ್ಲಿ ಆರಂಭಿಸಿದ ವಾರ್ಷಿಕ ಮಾಹಿತಿ ಪಟ್ಟಿ, ಅಂದರೆ ಎಐಎಸ್, ಮತ್ತು ಮನೆಯ ಬ್ಯಾಂಕ್ ಪುಸ್ತಕ. ಮೂರಕ್ಕೂ ಗುಣವಿದೆ. ಸಂಸ್ಥೆಯ ಪಟ್ಟಿಯು ಹತ್ತೊಂಬತ್ತು ಸಾಲನ್ನು ಕ್ಷಣಮಾತ್ರದಲ್ಲಿ ಬಿಡಿಸಿಡುತ್ತದೆ. ಹಳೆಯ ಗುಮಾಸ್ತನಿಗೆ ಅದು ವಾರದ ಕೆಲಸ. ಎಐಎಸ್ ಬೇರೆ ಬೇರೆ ಕಡೆ ಹರಿದ ವ್ಯವಹಾರಗಳನ್ನು ಒಂದು ಪ್ಯಾನ್ ಸಂಖ್ಯೆಯಡಿ ಕೂಡಿಸುತ್ತದೆ. ಮರೆತ ಡಿವಿಡೆಂಡನ್ನು ನೆನಪಿಸುತ್ತದೆ. ಆ ಡಿವಿಡೆಂಡು 2020ರ ಏಪ್ರಿಲಿನಿಂದ ಪಡೆದವನ ಕೈಯಲ್ಲಿಯೇ ತೆರಿಗೆಗೆ ಒಳಗಾಗಿದೆಯೆಂಬುದನ್ನು ಮರೆಯಬಾರದು.

ದೋಷಗಳೂ ಅಷ್ಟೇ ಸ್ಪಷ್ಟ. ಸಂಸ್ಥೆಯ ಪಟ್ಟಿಗೆ ತನ್ನ ಮೂಲಕ ನಡೆದುದು ಮಾತ್ರ ಗೊತ್ತು. ತಂದೆಯಿಂದ ಬಂದ ಯೂನಿಟ್ಟುಗಳಿಗೆ ತಂದೆ ಕೊಟ್ಟ ಬೆಲೆಯೇ ಬೆಲೆ, ತಂದೆ ಇರಿಸಿಕೊಂಡ ಕಾಲವೂ ಅವಧಿಗೆ ಸೇರತಕ್ಕದ್ದು. ಇದನ್ನು ಯಾರಾದರೂ ತಿಳಿಸದೆ ಯಂತ್ರವು ಅರಿಯದು. 2018ರ ಜನವರಿ 31ಕ್ಕೆ ಮುಂಚೆ ಕೊಂಡವುಗಳಿಗೆ ಆ ದಿನದ ಬೆಲೆಯನ್ನು ಹೋಲಿಸಿ ನೋಡುವ ರಿಯಾಯಿತಿಯುಂಟು. ಎಲ್ಲ ಪಟ್ಟಿಗಳೂ ಅದನ್ನು ಸರಿಯಾಗಿ ಹಿಡಿಯುವುದಿಲ್ಲ. ಮಗುವಿನ ಹೆಸರಿನ ಖಾತೆಯ ಲಾಭವು ತಂದೆತಾಯಿಗಳಲ್ಲಿ ಹೆಚ್ಚು ಆದಾಯವುಳ್ಳವರ ಲೆಕ್ಕಕ್ಕೆ ಸೇರಬೇಕು. ಪಟ್ಟಿಯಲ್ಲಿ ಅದು ಬೇರೆಯೇ ನಿಂತಿರುತ್ತದೆ. ಎಐಎಸ್‌ನಲ್ಲಿಯಾದರೋ ತನ್ನಲ್ಲಿ ಕಾಣದ ವ್ಯವಹಾರಗಳೂ ಇರಬಹುದು, ಪೂರ್ಣವಾದುದನ್ನು ಹೇಳುವ ಹೊಣೆ ತೆರಿಗೆದಾರನದೇ ಎಂಬ ಎಚ್ಚರಿಕೆ ಇದ್ದೇ ಇದೆ. ತಪ್ಪನ್ನು, ಎರಡು ಬಾರಿ ಬಂದುದನ್ನು, ಬೇರೆಯವರದನ್ನು ಎತ್ತಿ ತೋರಿಸಲು ಅದರಲ್ಲಿ ಅವಕಾಶವನ್ನೂ ಇಟ್ಟಿದ್ದಾರೆ. ಎತ್ತಿ ತೋರಿಸಬೇಕಾದರೆ ಮೊದಲು ಓದಬೇಕಷ್ಟೆ.

ಮೂಡುಬಿದಿರೆಯ ನೆರೆಹೊರೆಯವರಿಗೆ ಇಂಥ ಪಾಠಪರಿಶೋಧನೆ ಅಪರಿಚಿತವಾಗಬೇಕಿಲ್ಲ. ಧವಲಾದಿ ಸಿದ್ಧಾಂತ ಗ್ರಂಥಗಳ ತಾಡಪತ್ರಗಳು ಶತಮಾನಗಳ ಕಾಲ ಇಲ್ಲಿಯ ಬಸದಿಯಲ್ಲಿ ಉಳಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿ ತೆಗೆಯುವ ಕಾರ್ಯ ನಡೆಯಿತು. 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆಯು ಮುದ್ರಣ ಕಂಡಿತು. ಪ್ರತಿಯ ಪ್ರತಿಯನ್ನು ನಂಬಿ ಮುದ್ರಿಸಿದೆಡೆ ಸಂದೇಹ ಬಂದಾಗ ವಿದ್ವಾಂಸರು ಮೂಡುಬಿದಿರೆಯ ಮೂಲ ಓಲೆಯತ್ತ ತಿರುಗಬೇಕಾಯಿತು. ಪ್ರತಿಕಾರನು ಸುಳ್ಳುಗಾರನೆಂದು ಯಾರೂ ಹೇಳಲಿಲ್ಲ. ಆದರೂ ಅವನ ಬರಹವನ್ನು ಮೂಲದೊಡನೆ ಹೋಲಿಸದೆ ಪ್ರಮಾಣವೆನ್ನಲಿಲ್ಲ. ಯಂತ್ರದ ಪಟ್ಟಿಯೂ ಒಂದು ಪ್ರತಿಯೇ. ಮೂಲವು ಕೊಂಡ ದಿನದ, ಕೊಟ್ಟ ಹಣದ, ಮಾರಿದ ದಿನದ ದಾಖಲೆ.

ಯಂತ್ರವು ತಪ್ಪುವುದಿಲ್ಲವೆನ್ನುವವರಿಗೆ ಅಮೆರಿಕದ ಒಂದು ಪ್ರಕರಣ ಉತ್ತರವಾದೀತು. ಅಲ್ಲಿಯ ಕಾನೂನಿನಂತೆ ನಷ್ಟಕ್ಕೆ ಮಾರಿದ ಪತ್ರವನ್ನು ಹಿಂದಿನ ಅಥವಾ ಮುಂದಿನ ಮೂವತ್ತು ದಿನಗಳೊಳಗೆ ಕೊಂಡರೆ ಆ ನಷ್ಟವನ್ನು ತೆರಿಗೆಯಲ್ಲಿ ಕಳೆಯಲಾಗದು. ವೆಲ್ತ್‌ಫ್ರಂಟ್ ಎಂಬ ಸ್ವಯಂಚಾಲಿತ ಹೂಡಿಕೆ ಸಂಸ್ಥೆಯು, ಗ್ರಾಹಕರ ಖಾತೆಗಳಲ್ಲಿ ಇಂಥ ಮರುಖರೀದಿ ಆಗದಂತೆ ತಾನು ಕಾಯುತ್ತೇನೆಂದು ಹೇಳಿಕೊಂಡಿತ್ತು. ಹಾಗೆ ಕಾಯಲಿಲ್ಲವೆಂದೂ, ಈ ಯೋಜನೆಗೆ ಸೇರಿದ ಖಾತೆಗಳಲ್ಲಿ ಕನಿಷ್ಠ ಶೇ. 31ರಲ್ಲಿ ಇಂಥ ವ್ಯವಹಾರ ನಡೆದಿತ್ತೆಂದೂ 2018ರ ಡಿಸೆಂಬರಿನಲ್ಲಿ ಅಲ್ಲಿಯ ಷೇರುಪೇಟೆ ಆಯೋಗ ಕಂಡುಕೊಂಡು 2,50,000 ಡಾಲರ್ ದಂಡ ವಿಧಿಸಿತು. ಸಂಸ್ಥೆಯು ಆರೋಪವನ್ನು ಒಪ್ಪದೆ ಅಲ್ಲಗಳೆಯದೆ ದಂಡ ತೆತ್ತಿತು. ಭಾರತದ ಕಾಯ್ದೆಯಲ್ಲಿ ಷೇರುಗಳಿಗೆ ಅಂಥ ಮೂವತ್ತು ದಿನಗಳ ನಿಯಮವಿಲ್ಲ. ಆದರೆ ಪ್ರಕರಣದ ಪಾಠಕ್ಕೆ ಗಡಿಯಿಲ್ಲ: ತಾನು ಕಾಯುವೆನೆಂದ ಯಂತ್ರವನ್ನು ಕಾಯುವವರೊಬ್ಬರು ಬೇಕು.

ಇಲ್ಲಿ ಒಂದು ಆಕ್ಷೇಪವು ನ್ಯಾಯವಾಗಿಯೇ ಏಳುತ್ತದೆ. ಗೃಹಸ್ಥನು ಸುಳ್ಳು ಬರೆಯಲಿಲ್ಲ. ತನಗೆ ತಿಳಿಯದ ಶಾಸ್ತ್ರವನ್ನು ತಿಳಿದವರಿಗೆ ಒಪ್ಪಿಸಿದನು. ಅವನಿಗೇಕೆ ದೋಷ? ಆಗಮದ ಉತ್ತರ ಎರಡು ಮೆಟ್ಟಿಲುಗಳದು. ಮೊದಲನೆಯದು ಕೃತ, ಕಾರಿತ, ಅನುಮತ ಎಂಬ ವಿಂಗಡಣೆ. ತಾನು ಮಾಡಿದುದು ಮಾತ್ರವಲ್ಲ, ಮಾಡಿಸಿದುದೂ ಒಪ್ಪಿದುದೂ ಕರ್ತೃವಿಗೆ ಸೇರುತ್ತದೆ. ಯಂತ್ರಕ್ಕೆ ಅಪ್ಪಣೆ ಕೊಟ್ಟಾಗ ಅದರ ವ್ಯವಹಾರ ಕಾರಿತವಾಯಿತು. ಪಟ್ಟಿಯ ಕೆಳಗೆ ದೃಢೀಕರಿಸಿದಾಗ ಅನುಮತವಾಯಿತು. ಯಂತ್ರಕ್ಕೆ ಜೀವವಿಲ್ಲ, ಕರ್ಮಬಂಧವೂ ಇಲ್ಲ. ಕರ್ಮವು ಹಾಗೆಂದು ಗಾಳಿಗೆ ಹೋಗುವುದಿಲ್ಲ, ಅಪ್ಪಣೆಯಿತ್ತವನಲ್ಲಿಗೆ ಮರಳುತ್ತದೆ. ದೇಶದ ಕಾನೂನೂ ಇದನ್ನೇ ಹೇಳುತ್ತದೆ: ಆದಾಯವನ್ನು ಕಡಮೆ ತೋರಿಸಿದ್ದಕ್ಕೆ ಆ ತೆರಿಗೆಯ ಶೇ. 50, ತಪ್ಪಾಗಿ ನಿರೂಪಿಸಿದ್ದಕ್ಕೆ ಶೇ. 200ರಷ್ಟು ದಂಡವನ್ನು 1961ರ ಕಾಯ್ದೆ ವಿಧಿಸಿದ್ದು ತೆರಿಗೆದಾರನಿಗೇ ಹೊರತು ತಂತ್ರಾಂಶಕ್ಕಲ್ಲ.

ಎರಡನೆಯ ಮೆಟ್ಟಿಲು ಕರುಣೆಯದು. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದದ ಯೋಗವನ್ನು ಮೂಲದಲ್ಲಿಟ್ಟಿದೆ. ವ್ಯಾಖ್ಯಾನಕಾರರು ಅಸತ್ಯಕ್ಕೂ ಸ್ತೇಯಕ್ಕೂ ಅದನ್ನು ಹೊಂದಿಸಿದ್ದಾರೆ. ಎಚ್ಚರದಿಂದ ನಡೆದರೂ ಆದ ತಪ್ಪಿಗೂ, ಎಚ್ಚರವೇ ಇಲ್ಲದೆ ನಡೆದುದಕ್ಕೂ ಅಜಗಜಾಂತರ. ಲೆಕ್ಕವನ್ನು ಹೋಲಿಸಿ, ಸಂದೇಹವನ್ನು ಲೆಕ್ಕಪರಿಶೋಧಕರಲ್ಲಿ ಕೇಳಿ, ಆಮೇಲೆ ಸಹಿ ಮಾಡಿದವನ ಪಟ್ಟಿಯಲ್ಲಿ ಒಂದು ಸಾಲು ತಪ್ಪಿದ್ದರೆ ಅದು ಅಂಕಿಯ ದೋಷ. ಪಟ್ಟಿಯನ್ನು ತೆರೆದೇ ನೋಡದವನ ಎಲ್ಲ ಸಾಲುಗಳೂ ಸರಿಯಿದ್ದರೂ ಅದು ಪ್ರಮಾದವೇ. ಅವನನ್ನು ಉಳಿಸಿದುದು ಅದೃಷ್ಟ, ವ್ರತವಲ್ಲ. ಈ ಮಾತು ಕಠಿನವೆನಿಸಬಹುದು. ಆದರೆ ಅತಿಚಾರಗಳ ಪ್ರಕರಣವನ್ನು ಅರ್ಥವಿಟ್ಟು ಓದಿದವರಿಗೆ ಬೇರೆ ತೀರ್ಮಾನ ಸಿಗಲಾರದು.

ಅಂಜಿ ಹೆಚ್ಚು ತೆರುವುದೂ ಧರ್ಮವಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ಹೀನ, ಅಧಿಕ ಎರಡನ್ನೂ ಆಚಾರ್ಯರು ಒಂದೇ ಪದದಲ್ಲಿ ಜೋಡಿಸಿದ್ದು, ಕೊಡುವಾಗ ಕಡಮೆ ಅಳೆದು ಕೊಳ್ಳುವಾಗ ಹೆಚ್ಚು ಅಳೆಯುವ ವರ್ತಕನನ್ನು ಕುರಿತು. ಆದರೆ ಅದರ ಹಿಂದಿರುವ ಆದರ್ಶವು ಅಳತೆಯೇ ನೇರವಾಗಿರಬೇಕೆಂಬುದು. ನಷ್ಟವನ್ನು ಕಳೆಯುವ ಹಕ್ಕು ಕಾಯ್ದೆಯೇ ಕೊಟ್ಟುದು: ಅಲ್ಪಾವಧಿ ನಷ್ಟವನ್ನು ಎರಡು ಬಗೆಯ ಲಾಭದಲ್ಲಿಯೂ, ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿಯೂ ಕಳೆಯಬಹುದು, ಗಡುವಿನೊಳಗೆ ರಿಟರ್ನ್ ಸಲ್ಲಿಸಿದವನು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು. ಈ ಹಕ್ಕನ್ನು ಬಳಸುವುದು ಲೋಭವಲ್ಲ. ಗೊತ್ತಿದ್ದೂ ಮರೆಮಾಚುವುದು ಲೋಭ.

ಬಸದಿಗಳ ಆಡಳಿತ ಮಂಡಳಿಗಳು ಇನ್ನೂ ಹೆಚ್ಚು ಜಾಗ್ರತೆ ವಹಿಸಬೇಕು. ಗೃಹಸ್ಥನು ಕಳೆದುಕೊಳ್ಳುವುದು ತನ್ನದನ್ನು. ಟ್ರಸ್ಟು ಕಳೆದುಕೊಳ್ಳುವುದು ದೇವದ್ರವ್ಯವನ್ನು. 1961ರ ಕಾಯ್ದೆಯ 11(5)ನೆಯ ಕಲಮು ಧರ್ಮಸಂಸ್ಥೆಗಳು ಹಣವನ್ನು ಯಾವ ಯಾವ ರೂಪದಲ್ಲಿ ತೊಡಗಿಸಬಹುದೆಂದು ಎಣಿಸಿತು. ಅದರಡಿಯ ನಿಯಮಗಳಂತೆ ಮಾನ್ಯ ಮ್ಯೂಚುವಲ್ ಫಂಡಿನ ಯೂನಿಟ್ಟುಗಳಿಗೆ ಎಡೆಯಿದೆ. ಖಾಸಗಿ ಕಂಪೆನಿಗಳ ಷೇರುಗಳನ್ನು ನೇರವಾಗಿ ಕೊಳ್ಳಲು ಸಾಮಾನ್ಯವಾಗಿ ಎಡೆಯಿಲ್ಲ. ಮೀರಿದರೆ ವಿನಾಯಿತಿಗೆ ಕುತ್ತು. ಸ್ವಯಂಚಾಲಿತ ಖಾತೆಗೆ ಖಾತೆದಾರನು ವ್ಯಕ್ತಿಯೋ ಬಸದಿಯೋ ಎಂಬ ಭೇದ ತಾನಾಗಿ ತಿಳಿಯದು. ಹೆಚ್ಚು ಲಾಭದ ಷೇರುಗಳ ಕಟ್ಟನ್ನು ಸೂಚಿಸಿ ಒಂದು ಒತ್ತಿಗೆ ಕೊಂಡುಬಿಡುತ್ತದೆ. ಯೂನಿಟ್ಟುಗಳನ್ನು ಮಾರಿ ಬಂದುದನ್ನು ಮತ್ತೆ ತೊಡಗಿಸಿದುದಕ್ಕೂ ಸರಿಯಾದ ದಾಖಲೆ ಇಲ್ಲದಿದ್ದರೆ, ಅದು ಧರ್ಮಕಾರ್ಯಕ್ಕೆ ವಿನಿಯೋಗವೆನಿಸುವ ಸೌಲಭ್ಯ ತಪ್ಪೀತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ನಿಧಿಯನ್ನು ಗೊತ್ತಾದ ರೂಪಗಳಲ್ಲಿಯೇ ಇರಿಸಬೇಕೆಂಬ ತತ್ತ್ವ ಬೇರೆಯಲ್ಲ. ನಿತ್ಯಪೂಜೆಗೆಂದು ಹಿರಿಯರು ಬಿಟ್ಟ ಮೂಲಧನವನ್ನು ಯಾರೊಬ್ಬರ ದೂರವಾಣಿಯಲ್ಲಿಯೂ ಇಡತಕ್ಕದ್ದಲ್ಲ.

ಪರದೇಶದಲ್ಲಿರುವ ಮಕ್ಕಳ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಅಮೆರಿಕದಲ್ಲಿ ದುಡಿದು ಊರಿಗೆ ಮರಳಿ ಕಾಯಂ ನಿವಾಸಿಯಾದವರು, ಅಲ್ಲಿ ಬಿಟ್ಟುಬಂದ ಸ್ವಯಂಚಾಲಿತ ಖಾತೆಯನ್ನು ಇಲ್ಲಿಯ ರಿಟರ್ನಿನ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಬರೆಯಲೇಬೇಕು. ಬರೆಯದಿದ್ದರೆ 2015ರ ಕಪ್ಪುಹಣ ಕಾಯ್ದೆಯಡಿ ಹತ್ತು ಲಕ್ಷ ರೂಪಾಯಿ ದಂಡ. ಸ್ಥಿರಾಸ್ತಿಯಲ್ಲದ ಆಸ್ತಿಗಳು ಒಟ್ಟು 20 ಲಕ್ಷ ರೂಪಾಯಿಗೆ ಮೀರದಿದ್ದರೆ 2024ರ ಅಕ್ಟೋಬರ್ 1ರಿಂದ ಆ ದಂಡಕ್ಕೆ ವಿನಾಯಿತಿ ಬಂದಿದೆ, ಬರೆಯುವ ಕರ್ತವ್ಯಕ್ಕಲ್ಲ. ಅಲ್ಲಿಯೇ ನೆಲೆಸಿದವರ ಹೆಸರಿನಲ್ಲಿ ಊರಿನ ಹಿರಿಯರು ನಡೆಸುವ ಭಾರತೀಯ ಫಂಡುಗಳಿಗೂ ಅಮೆರಿಕದ ಕಾನೂನು ಪ್ರತ್ಯೇಕವಾದ, ತೊಡಕಿನ ವರದಿಯನ್ನು ಕೇಳುತ್ತದೆ. ಮಗನ ಒಳಿತಿಗೆಂದು ತಾಯಿ ಮಾಡಿದ ಉಳಿತಾಯವು ಮಗನಿಗೆ ಗೊತ್ತಿಲ್ಲದೆ ಅವನನ್ನು ದೋಷಿಯನ್ನಾಗಿಸಬಾರದು.

ಕೊನೆಯದಾಗಿ, ಲೆಕ್ಕಕ್ಕಿಂತ ಆಳವಾದ ಒಂದು ವಿಮರ್ಶೆ ಉಳಿಯುತ್ತದೆ. ಪರಿಗ್ರಹಪರಿಮಾಣ ವ್ರತವನ್ನು ಹಿಡಿದ ಶ್ರಾವಕನು ತನ್ನ ಸಂಪತ್ತಿಗೆ ಮಿತಿ ಕಟ್ಟಿಕೊಂಡಿರುತ್ತಾನೆ. ಸ್ವಯಂಚಾಲಿತ ಖಾತೆಗೆ ಸಾಕು ಎಂಬ ಪದ ಗೊತ್ತಿಲ್ಲ; ನಿಲ್ಲಿಸೆಂದು ಹೇಳುವ ತನಕ ಅದು ಕೂಡಿಸುತ್ತಲೇ ಹೋಗುತ್ತದೆ. ಮಿತಿ ಮೀರಿದುದು ಮಿತಿ ಕಟ್ಟಿದವನಿಗೇ ತಿಳಿಯದೆ ಹೋಗುವುದು ಹೊಸ ಕಾಲದ ಅತಿಚಾರ. ಕೂಡಿದುದರಲ್ಲಿ ಮದ್ಯ, ತಂಬಾಕುಗಳ ಕಂಪೆನಿಗಳ ಪಾಲೂ ಇರಬಹುದು. ಸೂಚ್ಯಂಕವನ್ನು ಅನುಸರಿಸುವ ಫಂಡು ಅಹಿಂಸೆಯನ್ನು ಕೇಳಿ ಷೇರು ಕೊಳ್ಳುವುದಿಲ್ಲ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಯೋಗ್ಯತೆಗಳನ್ನು ಎಣಿಸುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗಿಟ್ಟರು. ತೆರಿಗೆಯ ಕಾಲದಲ್ಲಿ ವರ್ಷಕ್ಕೊಮ್ಮೆಯಾದರೂ ಆ ಪಟ್ಟಿಯನ್ನು ಸಾಲುಸಾಲಾಗಿ ಓದಿದವನಿಗೆ, ತಾನು ಎಷ್ಟನ್ನು ಮತ್ತು ಏನನ್ನು ಇಟ್ಟುಕೊಂಡಿದ್ದೇನೆಂಬುದು ಕಾಣುತ್ತದೆ. ತೆರಿಗೆಯ ಲೆಕ್ಕವು ಶ್ರಾವಕನಿಗೆ ಮಾಡಬಹುದಾದ ದೊಡ್ಡ ಉಪಕಾರವೇ ಇದು.

ಆದುದರಿಂದ ಮಾಡಬೇಕಾದುದು ಅಸಾಧ್ಯವಾದುದೇನಲ್ಲ. ಪ್ರತಿ ಏಪ್ರಿಲಿನಲ್ಲಿ ಎಲ್ಲ ಖಾತೆಗಳ ಪಟ್ಟಿಗಳನ್ನು ತರಿಸಿ ಒಂದೆಡೆ ಇರಿಸಬೇಕು. ಬ್ಯಾಂಕ್ ಪುಸ್ತಕ, ಸಂಸ್ಥೆಯ ಪಟ್ಟಿ, ಎಐಎಸ್ ಮೂರನ್ನೂ ಹೋಲಿಸಿ ಭೇದವಿದ್ದೆಡೆ ಗುರುತು ಹಾಕಬೇಕು. ತಂದೆತಾಯಿಗಳಿಂದ ಬಂದವುಗಳ ಹಳೆಯ ಬೆಲೆಯನ್ನು ಹಿರಿಯರಿರುವಾಗಲೇ ಕೇಳಿ ಬರೆದಿಡಬೇಕು. ಮನೆಯಲ್ಲಿ ಒಬ್ಬರಲ್ಲ, ಇಬ್ಬರಿಗಾದರೂ ಖಾತೆಗಳ ವಿವರ ಗೊತ್ತಿರಬೇಕು. ಹಿಂದೆ ತಪ್ಪಿದ್ದರೆ ಮುಚ್ಚಬೇಕಿಲ್ಲ: 2022ರಲ್ಲಿ ಬಂದ ನವೀಕೃತ (ಅಪ್‌ಡೇಟೆಡ್) ರಿಟರ್ನಿನ ಅವಕಾಶವನ್ನು 2025ರ ಹಣಕಾಸು ಕಾಯ್ದೆಯು 24 ತಿಂಗಳಿಂದ 48 ತಿಂಗಳಿಗೆ ವಿಸ್ತರಿಸಿತು, ತಡವಾದಷ್ಟೂ ಹೆಚ್ಚು ತೆರಬೇಕಾಗುತ್ತದೆ. ಪ್ರಾಯಶ್ಚಿತ್ತದ ಭೇದಗಳಲ್ಲಿ ಆಲೋಚನೆಯೇ, ಅಂದರೆ ದೋಷವನ್ನು ತಾನಾಗಿ ನಿವೇದಿಸಿಕೊಳ್ಳುವುದೇ, ಮೊದಲನೆಯದೆಂಬುದನ್ನು ಬಲ್ಲ ಸಮಾಜಕ್ಕೆ ಈ ಕಲಮನ್ನು ವಿವರಿಸಬೇಕಾಗಿಲ್ಲ.

ದಶಲಕ್ಷಣ ಪರ್ವದಲ್ಲಿ ಉತ್ತಮ ಆರ್ಜವದ ದಿನ ಬಸದಿಗಳಲ್ಲಿ ಕೇಳಿಬರುವ ಉಪದೇಶವು ಮನಸ್ಸು, ಮಾತು, ಕಾಯಗಳು ಒಂದಾಗಿರಬೇಕೆಂಬುದು. ಲೆಕ್ಕಕ್ಕೂ ಒಂದು ಆರ್ಜವವಿದೆ. ಇರುವ ಆಸ್ತಿ, ಬರೆದ ಪುಸ್ತಕ, ಸರಕಾರಕ್ಕೆ ಹೇಳಿದ ಮಾತು, ಈ ಮೂರೂ ಒಂದಾದರೆ ಗೃಹಸ್ಥನು ಯಂತ್ರದ ಮುಂದೆಯೂ ಅಧಿಕಾರಿಯ ಮುಂದೆಯೂ ಜಿನಬಿಂಬದ ಮುಂದೆಯೂ ಒಂದೇ ಮುಖದಿಂದ ನಿಲ್ಲಬಲ್ಲನು.